ಅತ್ತೆಯ ಫ್ರಿಜ್‌ನಲ್ಲಿ ಎಲೈಸಾ ಕಿಟ್

ಗೆಳೆಯರೇ, ಬಟಾಟೆಯ ವಿಷಯ ಬಿಟ್ಟು ಬರೆಯೋಣವೆಂದಿದ್ದೆ. ಆಗಲಿಲ್ಲ.

ಇಂದು ಇಚಲಕರಂಜಿಯ ನಮ್ಮ ಲ್ಯಾಬಿನ ಫ್ರಿಜ್ ಕೆಟ್ಟಿತು. ರಕ್ತದಲ್ಲಿನ ಪ್ರೋಟೀನ್ ಅಳೆಯುವ ಎಲೈಸಾ ಕಿಟ್ ತಂಪಿಲ್ಲದಿದ್ದರೆ ಹಾಳು. ಎತ್ತಿಕೊಂಡು ಮನೆಗೆ ಓಡಿದೆ.

“ಇದೇನವಾ?” ಎಂದರು ಅತ್ತೆ. ಅವರಿಗೆ ಸುಳ್ಳು ಹೇಳಲಾರೆ. ಇದರಲ್ಲಿ ಮನುಷ್ಯರ ಪ್ರೋಟೀನ್ ಒಂದು ಚೂರಿದೆ ಎಂದೆ.

“ಜೈನರ ಮನ್ಯಾಗ, ಹಾಲಿನ ಬಾಜೂಕ?”

“ಅತ್ತ್ಯಾರ, ಇದು ಕೆಟ್ಟರ ನಾಳಿ ಪೇಶಂಟರ ರಿಪೋರ್ಟ್ ನಿಲ್ತಾವ್ರಿ.”

“ತಡಿ, ಜಾಗಾ ಬ್ಯಾರೆ ಮಾಡ್ತೇನಿ,” ಎಂದು ಫ್ರಿಜ್‌ನ ಕೆಳಗಿನ ಖಾನೆಯದೆಲ್ಲ ಹೊರಗಿಟ್ಟರು. ಕೊನೆಗೆ ಬಂತು, ಗಡ್ಡೆಯೇ ತಿನ್ನದ ಮನೆಯಲ್ಲಿ ನಾನು ಬಚ್ಚಿಟ್ಟಿದ್ದ ಬಟಾಟೆ ಪಲ್ಯದ ಡಬ್ಬಿ. ಅತ್ತೆ ಮುಚ್ಚಳ ತೆಗೆದು ನೋಡಿದರು.

“ಅಯ್ಯಯ್ಯ, ಚತುರ್ದಶಿ ವ್ರತದ ದಿನಾ! ಇದಕಿಂತ ಆ ಮನುಷ್ಯಾರದ್ದ ಭಾಳ ಚಲೋ. ಒಳಗಿಡು.”

ಕಿಟ್ ಉಳಿಯಿತು. ಸಿಕ್ಕಿಬಿದ್ದವಳು ಇಷ್ಟು ನಗಬಹುದೇ, ತಿಳಿಯದು. ಅತ್ತೆಯೂ ಫೇಸ್‌ಬುಕ್ ನೋಡುತ್ತಾರೆ. ಆದರೂ ಇದನ್ನು ಅಲ್ಲಿ ಹಾಕುತ್ತೇನೆ, ಇಂದೇ, ಚತುರ್ದಶಿಯಂದೇ.