ಖಾನಾಪುರದ ಮೇಲೆ ಎರಡು ಸುತ್ತು

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ಅದಕ್ಕೆ ಮೊದಲು ಯಾರಾದರೂ ನನ್ನ ಮುಂದೆ ಇಂಥದ್ದನ್ನು ಹೇಳಿದರೆ, ಹೊಟ್ಟೆ ಕೆಟ್ಟಿರಬೇಕು, ಒಂದಿಷ್ಟು ಅಜವಾನ ತಿಂದು ಮಲಗು ಎಂದು ಮುಖಕ್ಕೇ ಹೇಳುತ್ತಿದ್ದೆ. ನೀವೂ ನನಗೆ ಹಾಗೇ ಹೇಳಬಹುದು, ಸಿಟ್ಟು ಮಾಡಿಕೊಳ್ಳುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಮೊಣಕಾಲು ತೋರಿಸಲು ಮಗಳು ಗಂಗಾ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಳು. ಹೋಗುವಾಗ ಬಸ್ಸಿನಲ್ಲಿ ಕಾಲು ನೋವು, ಕಾಲು ನೋವು ಎಂದು ಅವಳ ಜೀವ ತಿಂದಿದ್ದೆ. ಅದಕ್ಕೇ ಬರುವಾಗ ವಿಮಾನ ಅಂದಳು. ನನ್ನ ಮೊದಲನೆಯ ವಿಮಾನ ಅದು, ಕೊನೆಯದೂ ಅದೇ. ನಮ್ಮ ಆಚೆ ಬಾಜು ಕೂತವರು ಇಮಾಮಸಾಬ, ನಮ್ಮ ಬೆಳಗಾವಿಯ ಖಾಸಬಾಗದಲ್ಲಿ ಅರಿವೆ ಅಂಗಡಿ ಇಟ್ಟವರು. ಅವರ ಅಂಗಡಿಯ ಮುಂದೆಯೇ ನಾನು ಇಪ್ಪತ್ತು ವರ್ಷ ಕಾಯಿಪಲ್ಯ ಮಾರಿದವಳು.

'ಆಯಿ, ಇಲ್ಲಿ ಬದನೀಕಾಯಿ ಕೂಗಬ್ಯಾಡ್ರಿ ಮತ್ತ. ಪೈಲಟ್ ಅಂಜ್ಯಾನು' ಅಂದರು.

ಬೆಳಗಾವಿ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಆರಿದ್ರಾ ಮಳೆ. ಕಿಟಕಿಯಾಚೆ ಕೊಳೆಯಾದ ಅರಳೆ ತುಂಬಿದ ಹಾಗೆ ಮೋಡ, ಮತ್ತೇನೂ ಇಲ್ಲ. ಗಾಲಿ ಬಿಚ್ಚಿದ ಸಪ್ಪಳ ಕೇಳಿತು. ಇನ್ನೇನು ಸಾಂಬ್ರಾ ವಿಮಾನ ನಿಲ್ದಾಣದ ನೆಲ ಮುಟ್ಟಿತು ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಒಮ್ಮೆಲೇ ವಿಮಾನ ಒದರಿಕೊಂಡು ಮೇಲೆದ್ದಿತು. ಪೈಲಟ್ ಮೈಕಿನಲ್ಲಿ ಏನೋ ಹೇಳಿದ. ಮಳೆಯಲ್ಲಿ ರನ್‌ವೇ ಕಾಣಲಿಲ್ಲವಂತೆ, ಸುತ್ತು ಹಾಕಿ ಮತ್ತೊಮ್ಮೆ ನೋಡುತ್ತಾನಂತೆ ಎಂದು ಗಂಗಾ ತಿಳಿಸಿದಳು.

'ಇಷ್ಟು ಕೆಳಗ ಬಂದು ಹೊಳ್ಳಿ ಹೋಗಾಂವ, ಎಂಥಾ ಡ್ರೈವರ್ ಇಂವ' ಅಂದೆ.

'ಬಾಯಿ ಮುಚಗೊಂಡ ಕುಂದರ ಯವ್ವಾ' ಅಂದಳು. ಅವಳ ತುಟಿ ಬಿಳಿಚಿತ್ತು.

ಆಮೇಲೆ ಶುರುವಾಯಿತು. ಮೊರದಲ್ಲಿ ಜೋಳ ಹಸನು ಮಾಡುವಾಗ ಕಾಳು ಹೇಗೆ ಎದ್ದು ಬೀಳುತ್ತವೆಯೋ, ಹಾಗೆ ನಾವು. ಹಿಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿಕೊಂಡರು. ದೀಪ ಹೋಗಿ ಬಂತು. ಇಮಾಮಸಾಬರು ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದವರು ನನ್ನ ಕಡೆ ತಿರುಗಿ, 'ನಿಮ್ಮ ದೇವರನ್ನೂ ಕರೀರಿ ಆಯಿ. ಇಬ್ರೂ ಕೂಡಿ ಹಿಡೀಲಿ' ಅಂದರು.

ನಾನು ಎದೆಯ ಮೇಲಿನ ಲಿಂಗ ಹಿಡಿದುಕೊಂಡು ಬಸವಣ್ಣಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ವಿಮಾನ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗೆ ಇಳಿಯಿತು. ನನ್ನ ಬಾಯಿಂದ ಬಂದದ್ದು ಬೇರೆಯೇ.

'ರುದ್ರ್ಯಾ, ಏಳೋ ಭಾಡ್ಯಾ, ಹೊರಗ ಬಾ'

ರುದ್ರಪ್ಪ ನನ್ನ ತಮ್ಮ. ಹಂಚಿನ ಕಾರ್ಖಾನೆಯಲ್ಲಿ ದುಡಿದು ಈಗ ಖಾನಾಪುರದ ಮನೆಯಲ್ಲಿ ಹೆಂಡತಿ ನೀಲವ್ವನ ಜೊತೆ ಇದ್ದಾನೆ. ಆ ದಿನ ನಾನು ಅವನನ್ನು ನೆನೆದೇ ಇರಲಿಲ್ಲ, ಇದು ಖರೆ. ಸಾಯುವಾಗ ದೇವರನ್ನು ಬಿಟ್ಟು ತಮ್ಮನನ್ನು ಬೈದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಎಲ್ಲರೂ ತಿರುಗಿ ನೋಡಿದರು.

ವಿಮಾನ ಎರಡನೆಯ ಸಲ ಕೆಳಗಿಳಿಯಿತು. ಗಂಗಾಳ ಉಗುರು ನನ್ನ ಕೈಯಲ್ಲಿ ನಾಟಿತ್ತು. ಮೋಡ ಹರಿದು ಕೆಂಪು ಮಣ್ಣು, ಸಾಲು ದೀಪ, ನೀರು ನಿಂತ ಕಪ್ಪು ರಸ್ತೆ ಕಂಡವು. ಗಾಲಿ ಬಡಿಯಿತು, ಮತ್ತೆ ಹಾರಿತು, ಮತ್ತೆ ಬಡಿಯಿತು. ವಿಮಾನ ಆಕಡೆ ಈಕಡೆ ಜಾರಿ ಸೆಟೆದು ನಿಂತಿತು. ಬದುಕಿದೆವು.

ಇಳಿಯುವಾಗ ಪೈಲಟ್ ಬಾಗಿಲ ಹತ್ತಿರ ನಿಂತಿದ್ದ. ನಲವತ್ತರ ಗಂಡಸು. ಅಂಗಿ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ನೀರಿನ ಬಾಟಲಿ ಇತ್ತು. ನಾನು ಅವನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದೆ.

'ಮೊದಲನೇ ಸರ್ತಿ ಯಾಕ ಹೊಳ್ಳಿ ಹ್ವಾದಿ ತಮ್ಮಾ?'

ಅವನೂ ಧಾರವಾಡದ ಕಡೆಯವನು. 'ನೆಲ ಕಾಣಲಿಲ್ರೀ ಅಮ್ಮಾ. ಕಾಣದಿದ್ರ ಇಳಸಬಾರದು. ಇಳಿಸೇ ಬಿಡೂಣು ಅಂತ ಹಟಾ ಹಿಡದವ್ರು ಭಾಳ ಮಂದಿ ಉಳದಿಲ್ಲ.'

'ಎಲ್ಲಿ ಸುತ್ತಿಸಿದಿ ನಮ್ಮನ್ನ?'

'ಖಾನಾಪುರದ ಮ್ಯಾಲೆ, ಎರಡ ಸುತ್ತು. ಆ ಕಡೆ ಒಂಚೂರು ತೆರಪಿತ್ತು.'

ಆಗ ಅದು ನನಗೆ ಏನೂ ಅನ್ನಿಸಲಿಲ್ಲ.

ಅನಗೋಳದ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಿದ್ದಾಗ ನೀಲವ್ವನ ಫೋನು ಬಂತು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು.

'ಅಕ್ಕಾರ, ಇದೆಂಥಾ ರೀತಿ? ಮನೀತನಕ ಬಂದು, ಹಿತ್ತಲದಾಗ ನಿಂತು ಒದರಿ, ಮಾರಿ ತೋರಿಸದ ಹೋಗೂದಾ? ಒಂದ ಕಪ್ ಚಹಾಕ್ಕೂ ನಮಗ ದಿಕ್ಕಿಲ್ಲೇನು?'

ನಾನು ಎಲ್ಲಿಗೂ ಬಂದಿಲ್ಲ ಅಂದೆ. ಅವಳು ನಂಬಲಿಲ್ಲ, ಫೋನನ್ನು ತಮ್ಮನ ಕೈಗೆ ಕೊಟ್ಟಳು. ಅವನು ಹೇಳಿದ್ದು ಇಷ್ಟು. ಉಂಡು ಹಿಂದಿನ ಗೋಡೆಯ ಬಾಜು ಹೊರಸಿನ ಮೇಲೆ ಮಲಗಿದ್ದ. ನೀಲವ್ವ ಗಿರಣಿಗೆ ಹೋಗಿದ್ದಳು. ಹಿತ್ತಲಿನಿಂದ ನಾನು ಕೂಗಿದ್ದು ಕೇಳಿತಂತೆ. ಮಳೆಯಲ್ಲಿ ಅಕ್ಕ ನಿಂತಿದ್ದಾಳೆ ಎಂದು ಎದ್ದು ಹೋಗಿ ಚಿಲಕ ತೆಗೆದ. ಅಂಗಳಕ್ಕೆ ಕಾಲಿಟ್ಟ. ಹಿಂದೆ ಮಳೆಗೆ ನೆನೆದ ಮಣ್ಣಿನ ಗೋಡೆ ಇಡಿಯಾಗಿ ಹೊರಸಿನ ಮೇಲೆ ಬಿತ್ತು.

'ನನ್ನ ದನಿ ಅಂತ ಹೆಂಗ ಗೊತ್ತಾತು ನಿನಗ?'

'ಭಾಡ್ಯಾ ಅಂದಿ. ನನಗ ಈ ವಯಸ್ಸಿನಾಗ ಹಂಗ ಅನ್ನಾಕಿ ಇನ್ನ್ಯಾರದಾರ?'

ಯಾವ ಹೊತ್ತಿಗೆ ಎಂದು ಕೇಳಿದೆ. ಎಮ್ಮೆ ಹಿಂಡುವುದಕ್ಕೆ ಸ್ವಲ್ಪ ಮುಂಚೆ ಅಂದ. ಆ ಹೊತ್ತಿಗೆ ನಾನು ಮೋಡದೊಳಗೆ ಇದ್ದೆ.

ಗಂಗಾ ಹೇಳುತ್ತಾಳೆ, ಮಾಮಾಗೆ ಕನಸು ಬಿದ್ದಿರಬೇಕು, ಗೋಡೆ ಬಿರಿಯುವ ಸಪ್ಪಳಕ್ಕೆ ಎಚ್ಚರಾಗಿರಬೇಕು ಎಂದು. ಇರಬಹುದು. ಹಾಗಾದರೆ ನಾನು ಯಾಕೆ ಕೂಗಿದೆ ಎಂದು ಕೇಳಿದರೆ ಚಹಾ ಇಡಲು ಒಳಗೆ ಹೋಗುತ್ತಾಳೆ. ಇಮಾಮಸಾಬರಿಗೆ ಹೇಳಿದೆ. ಅವರು ಮೇಲೆ ನೋಡಿ ಕೈ ಎತ್ತಿದರು, ಅಷ್ಟೇ. ನನಗೆ ತಿಳಿಯುವುದು ಒಂದೇ. ಆ ಪೈಲಟ್ ಅಂಜಿಯೋ ಹಟಕ್ಕೋ ಮೊದಲನೆಯ ಸಲವೇ ಇಳಿಸಿದ್ದರೆ ನಾವು ಉಳಿಯುತ್ತಿದ್ದೆವೋ ಇಲ್ಲವೋ, ಖಾನಾಪುರದ ಮೇಲೆ ಮಾತ್ರ ಹೋಗುತ್ತಿರಲಿಲ್ಲ. ಅವನ ಹೆಸರು ಕೇಳದೆ ಬಂದೆ. ದಿನಾ ಲಿಂಗಪೂಜೆ ಮುಗಿಸಿ ಹೆಸರಿಲ್ಲದ ಆ ಮನುಷ್ಯನಿಗೂ ಕೈ ಮುಗಿಯುತ್ತೇನೆ.

ಮರುದಿನ ಮುಂಜಾನೆ ಮೊದಲ ಬಸ್ಸಿಗೇ ಖಾನಾಪುರಕ್ಕೆ ಹೋದೆ. ಮಣ್ಣಿನ ರಾಶಿಯ ಕೆಳಗಿಂದ ಹೊರಸಿನ ಒಂದು ಕಾಲು ಹೊರಗೆ ಚಾಚಿತ್ತು. ನೋಡಿದೆ. ಅಳಲಿಲ್ಲ. ತಮ್ಮನಿಗೆ ಓಣಿಯ ತುದಿಯ ಬೋರಿಂಗ್ ಪಂಪಿನ ಹತ್ತಿರ ಹೋಗಿ ನಿಲ್ಲು, ನನ್ನ ದನಿ ಅಲ್ಲಿತನಕ ಬರುತ್ತದೇನು ನೋಡು ಅಂದೆ.

'ಮುಂಜಮುಂಜಾನೆ ಹುಚ್ಚ ಹಿಡೀತೇನ ಅಕ್ಕಾ' ಅಂದ. ಆದರೂ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹೋದ.

ನಾನು ಹಿತ್ತಲ ಬಾಗಿಲಲ್ಲಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಅದೇ ಮಾತನ್ನು ಹಾಗೇ ಕೂಗಿದೆ. ನೀಲವ್ವ ಕಿವಿ ಮುಚ್ಚಿಕೊಂಡಳು. ಮಳೆ ಸುರಿಯುತ್ತಿತ್ತು. ಅಲ್ಲಿಂದ ರುದ್ರಪ್ಪ ಕಿವಿಗೆ ಕೈ ಹಚ್ಚಿ ನೋಡಿದ, ಆಮೇಲೆ ಏನೂ ಕೇಳಲಿಲ್ಲ ಎಂದು ಕೈ ಆಡಿಸಿದ.