ಮುಂಚಿತವಾಗಿ ಹೇಳಿದ ಸಾಕ್ಷಿ

ಲಿಫ್ಟ್ ರಿಪೇರಿ ಮಾಡುವವನಿಗೆ ಸಿಟ್ಟು ಇರಬಾರದು ಎನ್ನುತ್ತಾರೆ. ಇವನಿಗೆ ಅದು ಮೂಗಿನ ತುದಿಯಲ್ಲೇ ಇತ್ತು. ಮುಟ್ಟಿದರೆ ಹೊಡೆಯುತ್ತಾನೆ ಎಂದು ಜೊತೆಯ ಕೆಲಸಗಾರರು ಶಾಕ್ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಏಳನೆಯ ತರಗತಿಗೇ ಶಾಲೆಗೆ ಕೈಮುಗಿದವನು, ಇಪ್ಪತ್ತಾರು ವರ್ಷ ಕಟ್ಟಡಗಳ ನೆತ್ತಿಯ ಮೇಲಿನ ಮೆಷಿನ್ ರೂಮುಗಳಲ್ಲಿ ಗ್ರೀಸು, ಧೂಳು, ಪಾರಿವಾಳದ ಹಿಕ್ಕೆಯ ನಡುವೆ ಕಳೆದಿದ್ದ. ಬಾಯಿ ಹೇಗೇ ಇರಲಿ, ಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ಲಿಫ್ಟಿನ ಉಕ್ಕಿನ ಹಗ್ಗ ನೋಡುವಾಗ ಬರೀ ಟಾರ್ಚಿನ ಬೆಳಕು ಬಿಟ್ಟು ತಲೆಯಾಡಿಸುವ ಜಾತಿಯಲ್ಲ. ಹಳೆಯ ಬನಿಯನ್ನಿನ ತುಂಡನ್ನು ಹಗ್ಗಕ್ಕೆ ಸುತ್ತಿ ಹಿಡಿದು, ಲಿಫ್ಟನ್ನು ಇರುವೆ ನಡಿಗೆಯಲ್ಲಿ ಇಳಿಸುತ್ತಿದ್ದ. ಎಲ್ಲಾದರೂ ಒಂದು ಎಳೆ ಕಡಿದಿದ್ದರೂ ಬಟ್ಟೆ ಅಲ್ಲಿ ಸಿಕ್ಕಿ ಜಗ್ಗುತ್ತಿತ್ತು.

ಒಮ್ಮೆ ಒಂದು ಕಟ್ಟಡದ ಸೆಕ್ರೆಟರಿಗೆ ಅವಸರ. "ಅದೆಷ್ಟು ಹೊತ್ತಯ್ಯಾ ಉಜ್ಜುತ್ತೀಯ? ದೇವರಿದ್ದಾನೆ ಬಿಡು, ಲಿಫ್ಟ್ ಸರಿ ಇದೆ ಅಂತ ಸೈನ್ ಹಾಕು. ನೀನೂ ಪ್ರಾರ್ಥನೆಗೆ ಹೋಗೋನೇ ತಾನೇ?"

"ದೇವರಿದ್ದಾನೆ ಅಂತಲೇ ಹಾಕಲ್ಲ ಸ್ವಾಮಿ. ಅವನು ಮೇಲಿಂದ ನೋಡ್ತಾನೆ, ನೀವು ಕೆಳಗಡೆಯಿಂದ ಮಾತ್ರ ನೋಡ್ತೀರಿ."

ಇಂಥ ಮನುಷ್ಯ ಒಂದು ಭಾನುವಾರ, ಪರೀಕ್ಷೆಯೂ ಇಲ್ಲದೆ ಏನೂ ಇಲ್ಲದೆ, ಕಣ್ಣುಮುಚ್ಚಿ ಸೈನ್ ಹಾಕಿಬಿಟ್ಟ. ಅದೂ ಹೆಂಡತಿಯ ಜೀವದ ಮೇಲೆ.

ಹೆಂಡತಿ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಎಷ್ಟು ಬಿಗಿಯೋ ಮಾತು ಅಷ್ಟು ಚುರುಕು. ಗಂಡ ಕೂಗಾಡಿದರೆ, "ಮೆಲ್ಲಗೆ ರೀ, ದಾರ ಬೆಚ್ಚಿಬಿದ್ದು ಕಡೀತಾ ಇದೆ," ಎನ್ನುತ್ತಿದ್ದಳು. ಅಂಥವಳು ಎರಡು ವರ್ಷದ ಹಿಂದೆ ಒಂದು ದಿನ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳು ಸಂಜೆಯಾದರೂ ಏಳಲಿಲ್ಲ. ಸಾವಿಲ್ಲ, ನೋವಿಲ್ಲ, ಜಗಳವಿಲ್ಲ. ಮನಸ್ಸೆನ್ನುವುದು ನೀರು ಬತ್ತಿದ ತೊಟ್ಟಿಯಂತೆ ಒಣಗಿಹೋಯಿತು. ಮೇಸ್ತ್ರಿ ಮೊದಲು ಬೈದ. ಆಮೇಲೆ ಬೇಡಿಕೊಂಡ. ಆಮೇಲೆ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದ. ಕೊನೆಗೆ ಅವಳ ತಂಗಿ, ಔಷಧಿ ಅಂಗಡಿಯ ಕೌಂಟರಿನಲ್ಲಿ ಹದಿನೈದು ವರ್ಷ ನಿಂತವಳು, ಬಂದು ಅಕ್ಕನ ಕೈಹಿಡಿದು ಎಬ್ಬಿಸಿದಳು. "ಭಾವ, ನಿಮ್ಮ ಪ್ರಾರ್ಥನೆಯನ್ನ ನಾನು ಬೇಡ ಅನ್ನಲ್ಲ. ಆದ್ರೆ ಇದು ಕಾಯಿಲೆ. ಕಾಲು ಮುರಿದಿದ್ರೆ ಇಷ್ಟು ದಿನ ಕಾಯ್ತಿದ್ರಾ?"

ಡಾಕ್ಟರಮ್ಮ ಮಾತ್ರೆ ಕೊಟ್ಟರು. ತಿಂಗಳಿಗೊಮ್ಮೆ ಬಂದು ಕುಳಿತು ಮಾತಾಡಿ ಎಂದರು. ಮೂರನೆಯ ತಿಂಗಳಲ್ಲಿ ಹೆಂಡತಿ ಒಂದು ಕಾಲರ್ ಹೊಲಿದಳು. ಎಂಟನೆಯ ತಿಂಗಳಲ್ಲಿ, ಗಂಡ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೊರಟದ್ದನ್ನು ನೋಡಿ ನಕ್ಕಳು. ಆ ನಗು ಕೇಳಿ ಮೇಸ್ತ್ರಿ ಬೀದಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಅತ್ತ.

ತಪ್ಪು ಆದದ್ದು ಅದರ ಮುಂದಿನ ಭಾನುವಾರ.

ಅವರ ಮಂದಿರದಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ದಿನ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಇಷ್ಟಾದರೆ ಒಳ್ಳೆಯದೇ. ಆದರೆ ಅಲ್ಲಿನ ಹಿರಿಯನೊಬ್ಬ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತನಾದವನು, ಅದಕ್ಕೊಂದು ಬಾಲ ಕಟ್ಟಿದ್ದ. ಆಗಿದ್ದನ್ನು ಹೇಳುವುದು ಬರೀ ಥ್ಯಾಂಕ್ಸ್. ಆಗುವುದಕ್ಕೆ ಮುಂಚೆಯೇ ಆಯಿತೆಂದು ಹೇಳುವುದು ನಂಬಿಕೆ! ಹೇಳಿದವರು ಬಿಟ್ಟದ್ದನ್ನು ಮುಂದಿರುವ ತಗಡಿನ ಪೆಟ್ಟಿಗೆಗೆ ಹಾಕಬೇಕು. ಬೀಡಿ ಬಿಟ್ಟವನು ಬೀಡಿ ಕಟ್ಟು, ಕುಡಿತ ಬಿಟ್ಟವನು ಬಾಟಲಿಯ ಮುಚ್ಚಳ. ವಯಸ್ಸಾದ ಪಾಸ್ಟರಿಗೆ ಇದು ಅಷ್ಟೇನೂ ಒಪ್ಪಿಗೆ ಇರಲಿಲ್ಲ. ಆದರೂ ಮಂದಿರದ ಚಾವಣಿಗೆ ಶೀಟು ಹಾಕಿಸಿದವನ ಎದುರು ಬಾಯಿ ಬಿಡುವುದು ಹೇಗೆ? ಅವರು ಕೆಮ್ಮಿ ಸುಮ್ಮನಾಗುತ್ತಿದ್ದರು.

ಆ ಭಾನುವಾರ ಹಾಡು ಜೋರಾಗಿತ್ತು, ಮೇಸ್ತ್ರಿಯ ಎದೆಯಲ್ಲಿ ಇನ್ನೂ ಆ ನಗು ಇತ್ತು. ಎದ್ದ. "ಕರ್ತನಿಗೆ ಸ್ತೋತ್ರ. ನನ್ನ ಹೆಂಡತಿ ಗುಣವಾದಳು. ಪೂರ್ತಿ ಗುಣವಾದಳು!" ಎಂದ. ಜನ ಚಪ್ಪಾಳೆ ತಟ್ಟಿದರು. ಜೇಬಿನಲ್ಲಿದ್ದ ಲಕೋಟೆಯನ್ನು, ಮುಂದಿನ ಮೂರು ತಿಂಗಳ ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟ ಹಣವನ್ನು, ಹಾಗೇ ಕಾಣಿಕೆ ತಟ್ಟೆಗೆ ಹಾಕಿದ. ಹಾಕುವ ಮುಂಚೆ ಎಣಿಸಲೂ ಇಲ್ಲ. ಅದೇ ನಂಬಿಕೆ ಅಂದುಕೊಂಡ.

ಹೆಂಗಸರ ಸಾಲಿನಿಂದ ಅವಳು ಎದ್ದಳು. ನಿಧಾನವಾಗಿ ಮುಂದೆ ನಡೆದು, ಚೀಲದಿಂದ ಮಾತ್ರೆಯ ಹಾಳೆ ತೆಗೆದು ಪೆಟ್ಟಿಗೆಗೆ ಹಾಕಿದಳು. ತಗಡಿಗೆ ಬಿದ್ದ ಸದ್ದು ಅವನಿಗೆ ಕೇಳಿಸಿತು.

"ಅದ್ಯಾಕೆ ಹಾಕಿದೆ? ನಾನು ಹಾಕು ಅಂದ್ನಾ?" ದಾರಿಯಲ್ಲಿ ಕೇಳಿದ.

"ಅಷ್ಟು ಜನರ ಎದುರು ಹೇಳಿಬಿಟ್ರಲ್ಲ. ಇನ್ನು ನಾನು ಮಾತ್ರೆ ನುಂಗಿದ್ರೆ ನೀವು ದೇವರ ಮುಂದೆ ಸುಳ್ಳುಗಾರ ಆಗ್ತೀರಿ."

ಅವನು ಮುಂದೆ ನಡೆದ. ಒಳಗೊಳಗೇ ಹೆಮ್ಮೆಯೂ ಆಗಿತ್ತು, ಅದೇ ಕೆಟ್ಟದ್ದು. ನಾಲ್ಕು ದಿನ ನೋಡೋಣ ಅಂದುಕೊಂಡ. ನಾಲ್ಕು ದಿನ ಚೆನ್ನಾಗಿಯೇ ಇದ್ದಳು. ಎಂಟನೆಯ ದಿನ ತಲೆ ತಿರುಗುತ್ತದೆ ಎಂದಳು. ಹತ್ತನೆಯ ದಿನದಿಂದ ನಿದ್ದೆ ಹೋಯಿತು. ಹೊಲಿದ ತೋಳನ್ನು ಬಿಚ್ಚಿ ಮತ್ತೆ ಹೊಲಿದು ಮತ್ತೆ ಬಿಚ್ಚುತ್ತಿದ್ದಳು. ಬಟ್ಟೆಯ ಮೇಲೆ ಸೂಜಿಯ ತೂತುಗಳೇ ಉಳಿದವು. ಮಾತ್ರೆ ತರಲೇ ಎಂದರೆ ತಲೆ ಅಡ್ಡ ಆಡಿಸುತ್ತಿದ್ದಳು. ಅವನು ರೇಗಿದರೂ ದಾರ ಬೆಚ್ಚಿಬೀಳುತ್ತದೆ ಎನ್ನಲಿಲ್ಲ.

ಇಪ್ಪತ್ತನೆಯ ದಿನ, ಶನಿವಾರ. ಅವನು ಬೆಳಗಿನ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದ. ಅವಳು ಗೋಡೆಯ ಮೊಳೆಯನ್ನೇ ನೋಡುತ್ತಾ ಕೇಳಿದಳು, "ಏಳು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟ್ ಓಡಾಡೋ ಆ ಬಾವಿ ಎಷ್ಟು ಆಳ ಇರ್ತದೆ ರೀ?"

ಲೋಟ ತುಟಿಯ ಹತ್ತಿರವೇ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಅವಳು ಅವನ ಕೆಲಸದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀರಿ? ಆ ಮೊಳೆಯಲ್ಲಿ ತೂಗುತ್ತಿದ್ದದ್ದು ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆಗೆಯುವ ಕೀಲಿ.

"ಯಾಕೆ ಕೇಳ್ತೀಯ?"

"ಸುಮ್ನೆ. ನಾನಿಲ್ಲದಿದ್ರೆ ನಿಮಗೂ ಹಗುರ ಅನ್ನಿಸ್ತು."

ಎದ್ದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ತಲೆ ಸ್ಪಷ್ಟವಾಗಿ ಕೆಲಸ ಮಾಡುತ್ತಿತ್ತು. ಲಿಫ್ಟಿನೊಳಗೆ ಜನ ಸಿಕ್ಕಿಕೊಂಡಾಗ ಹೇಗೋ ಹಾಗೆ. ಅವಳ ಎದುರಿಗೇ ಕುಳಿತು, ಕಣ್ಣು ಬಿಡದೆ ನಾದಿನಿಗೆ ಫೋನ್ ಮಾಡಿದ.

ನಾದಿನಿ ಇಪ್ಪತ್ತು ನಿಮಿಷದಲ್ಲಿ ಆಟೋದಲ್ಲಿ ಬಂದಿಳಿದಳು, ಅಂಗಡಿಯ ಕೋಟು ಬಿಚ್ಚದೆ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾವನನ್ನು ಸುಡುವಂತೆ ನೋಡಿದಳು. "ಇಪ್ಪತ್ತು ದಿನ! ಈ ಮಾತ್ರೆಯನ್ನ ಹಾಗೆ ಒಮ್ಮೆಗೇ ನಿಲ್ಲಿಸೋ ಹಾಗಿಲ್ಲ ಭಾವ. ನಿಮ್ಮ ಲಿಫ್ಟಿನ ಬ್ರೇಕನ್ನ ಯಾರಾದ್ರೂ ಹೀಗೆ ಕಿತ್ತುಹಾಕಿದ್ರೆ ಅವರ ಚರ್ಮ ಸುಲೀತೀರಿ."

"ಸುಲಿ. ನನ್ನ ಚರ್ಮಾನೂ ಆಮೇಲೆ ಸುಲಿ. ಈಗ ಡಾಕ್ಟರ್ ಹತ್ರ ಹೋಗೋಣ."

"ಡಾಕ್ಟರಮ್ಮ ಐದರವರೆಗೆ ಇರ್ತಾರೆ. ಫೋನ್ ಮಾಡಿದ್ದೀನಿ, ತಕ್ಷಣ ಕರ್ಕೊಂಡು ಬನ್ನಿ, ಒಂದು ಕ್ಷಣ ಒಂಟಿಯಾಗಿ ಬಿಡಬೇಡಿ ಅಂದ್ರು."

ಗಡಿಯಾರದಲ್ಲಿ ಮೂರೂ ಕಾಲು. ಹೆಂಡತಿ ಅಲುಗಲಿಲ್ಲ. "ನಾನು ಬರಲ್ಲ. ಅವರು ಮಾತ್ರೆ ಕೊಡ್ತಾರೆ. ನುಂಗಿದ್ರೆ ಇವರ ಸಾಕ್ಷಿ ಸುಳ್ಳಾಗ್ತದೆ. ದೇವರ ಮನೆಯಲ್ಲಿ ಹೇಳಿದ ಮಾತು."

ಸಿಟ್ಟು ನೆತ್ತಿಗೇರಿತು. ಹೊತ್ತುಕೊಂಡು ಹೋಗೋಣವೇ ಎನಿಸಿತು. ಕೈ ಮುಂದೆ ಚಾಚಿದವನು ಅವಳ ಮುಖ ನೋಡಿ ನಿಲ್ಲಿಸಿದ. ಅಲ್ಲಿ ಹಟವಿರಲಿಲ್ಲ. ಹೆದರಿಕೆ ಇತ್ತು, ಅದೂ ಅವನಿಗೋಸ್ಕರ. ತಾನು ಮುಳುಗುತ್ತಿರುವಾಗಲೂ ಗಂಡನ ಮಾತಿನ ಮಾನ ಉಳಿಸಲು ಕುಳಿತವಳ ಮೇಲೆ ಯಾವ ಬಾಯಿಂದ ಕೂಗುವುದು?

"ನಾನೇ ಅದನ್ನ ಹಿಂದಕ್ಕೆ ತಗೊಂಡ್ರೆ? ಹೇಳಿದ ಕಡೆನೇ?"

ಅವಳು ಮೊದಲ ಸಲ ಅವನತ್ತ ನೋಡಿದಳು. "ಎಲ್ಲರ ಮುಂದೆ?"

"ಎಲ್ಲರ ಮುಂದೆ. ಏಳು, ಚಪ್ಪಲಿ ಹಾಕು."

ಶನಿವಾರ ಮಧ್ಯಾಹ್ನ ಮಂದಿರದಲ್ಲಿ ಉಪವಾಸ ಪ್ರಾರ್ಥನೆ. ನಲವತ್ತು ಜನ ಚಾಪೆಯ ಮೇಲೆ ಕಣ್ಣುಮುಚ್ಚಿ ಕುಳಿತಿದ್ದರು. ಮೂವರೂ ಒಳಗೆ ಬಂದಾಗ ಮೂರು ಮುಕ್ಕಾಲು. ನಾದಿನಿ ಅಕ್ಕನ ತೋಳು ಹಿಡಿದು ಬಾಗಿಲಲ್ಲಿ ನಿಂತಳು. ಆಟೋವನ್ನು ಕಳಿಸಿರಲಿಲ್ಲ, ಅದರ ಇಂಜಿನ್ ಹೊರಗೆ ಗೊರಗೊರ ಎನ್ನುತ್ತಿತ್ತು.

"ಸಭೆಯವರಿಗೆ ಒಂದು ಮಾತು ಹೇಳ್ಬೇಕು," ಎಂದ ಮೇಸ್ತ್ರಿ.

ಕ್ಯಾಷಿಯರ್ ಹಿರಿಯ ಒಂದು ಕಣ್ಣು ತೆರೆದ. "ಸಹೋದರ, ಪ್ರಾರ್ಥನೆ ಮಧ್ಯೆ ಏಳೋ ಹಾಗಿಲ್ಲ. ಸಾಕ್ಷಿ ಇದ್ರೆ ಮೊದಲ ಭಾನುವಾರ."

"ಅಷ್ಟು ದಿನ ಇಲ್ಲ ನನಗೆ."

ಕಣ್ಣುಗಳು ಒಂದೊಂದಾಗಿ ತೆರೆದುಕೊಂಡವು. ಇಪ್ಪತ್ತಾರು ವರ್ಷ ಎಂಥೆಂಥ ಸೆಕ್ರೆಟರಿಗಳ ಮೇಲೆ ಹರಿಹಾಯ್ದ ನಾಲಿಗೆ ಈಗ ತನ್ನದೇ ತಪ್ಪು ಹೇಳಬೇಕಿತ್ತು. ಬೇರೆಯವರ ತಪ್ಪು ಕೂಗಿ ಹೇಳುವುದು ಎಷ್ಟು ಸುಲಭ!

"ಹೋದ ಸಲ ನನ್ನ ಹೆಂಡತಿ ಪೂರ್ತಿ ಗುಣವಾದಳು ಅಂದೆ. ಸುಳ್ಳು. ಸ್ವಲ್ಪ ಗುಣ ಆಗ್ತಾ ಇದ್ದಳು. ನಾನು ಅವಳನ್ನ ಕೇಳಲೂ ಇಲ್ಲ. ಅವಳಿಗೆ ಕಾಯಿಲೆ ಇದೆ, ಮಾತ್ರೆ ಬೇಕು, ನನ್ನ ಮಾತು ಸುಳ್ಳಾಗಬಾರದು ಅಂತ ಬಿಟ್ಟಿದ್ದಾಳೆ. ಸಾಕ್ಷೀನ ಹಿಂದಕ್ಕೆ ತಗೋತಿದ್ದೀನಿ."

ಹಿರಿಯ ಎದ್ದೇ ಬಿಟ್ಟ. "ಏನ್ ಮಾತಾಡ್ತಿದ್ದೀಯ? ಸಾಕ್ಷಿ ಏನು ಅಂಗಡಿ ಸಾಮಾನಾ, ಹಿಂದಕ್ಕೆ ಕೊಡೋಕೆ? ನಿನ್ನ ನಂಬಿಕೆ ಕುಂದಿದೆ, ಅದಕ್ಕೇ ಕಾಯಿಲೆ ತಿರುಗಿ ಬಂದಿದೆ. ಎಳೇ ವಿಶ್ವಾಸಿಗಳು ಕೂತಿದ್ದಾರೆ, ಅವರು ಎಡವಿದ್ರೆ ಯಾರು ಹೊಣೆ? ಆಮೇಲೆ, ಕಾಣಿಕೆ ವಾಪಸ್ ಕೊಡೋ ಪದ್ಧತಿನೂ ಇಲ್ಲ."

"ಹಣ ಯಾರು ಕೇಳಿದ್ರು ಅಣ್ಣ? ಅದನ್ನ ನೀವೇ ಇಟ್ಕೊಳ್ಳಿ. ನನ್ನ ಮಾತು ವಾಪಸ್ ಕೊಡಿ, ಸಾಕು." ಧ್ವನಿ ಏರುತ್ತಿತ್ತು, ಅದನ್ನು ಹಿಡಿದು ಕೆಳಗಿಳಿಸಿದ. "ನಾನು ಹಗ್ಗ ನೋಡದೆ ಲಿಫ್ಟ್ ಸರಿ ಇದೆ ಅಂತ ಬರೆದುಕೊಟ್ರೆ ಅದನ್ನ ನಂಬಿಕೆ ಅಂತೀರಾ? ಜೈಲಿಗೆ ಹಾಕ್ತಾರೆ. ಪರೀಕ್ಷೆ ಮಾಡೋ ಬುದ್ಧಿ ಕೊಟ್ಟವನೂ ಅವನೇ, ಮಾತ್ರೆ ಕಂಡುಹಿಡಿಯೋ ಬುದ್ಧಿ ಕೊಟ್ಟವನೂ ಅವನೇ. ನಾನು ಅವನನ್ನ ಬಿಡ್ತಾ ಇಲ್ಲ. ಅವನ ಹೆಸರಲ್ಲಿ ಸುಳ್ಳು ಹೇಳೋದನ್ನ ಬಿಡ್ತಾ ಇದ್ದೀನಿ."

ಹಿರಿಯ ಪಾಸ್ಟರತ್ತ ತಿರುಗಿದ. "ನೀವಾದ್ರೂ ಹೇಳಿ ಅಯ್ಯನವರೇ!"

ಪಾಸ್ಟರ್ ಕೆಮ್ಮಿದರು. ಗಡಿಯಾರ ನಾಲ್ಕು ಹೊಡೆಯಿತು. ಅವರು ಮತ್ತೊಮ್ಮೆ ಕೆಮ್ಮಿದರು. ಅಷ್ಟರಲ್ಲಿ ಹೆಂಗಸರ ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ ಗೋಡೆ ಹಿಡಿದು ಎದ್ದು, "ಪೆಟ್ಟಿಗೆ ತೆಗೀತೀರಾದ್ರೆ ನನ್ನ ಕನ್ನಡಕಾನೂ ಕೊಟ್ಟುಬಿಡ್ರಪ್ಪ," ಎಂದಳು. "ದೃಷ್ಟಿ ಬಂತು ಅಂತ ಹೇಳಿ ಅದರಲ್ಲಿ ಹಾಕಿ ಆರು ತಿಂಗಳಾಯ್ತು. ಸೊಸೆ ಮುಖ ಕಾಣಲ್ಲ, ಅದು ಬಿಡಿ, ಒಳ್ಳೇದೇ. ಅಕ್ಕಿಯಲ್ಲಿ ಕಲ್ಲು ಕಾಣಲ್ಲ."

ಯಾರೋ ನಕ್ಕರು. ನಗು ಹರಡುವ ಮೊದಲೇ ಪಾಸ್ಟರ್ ಎದ್ದು ನಿಂತಿದ್ದರು. ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಹಿರಿಯ "ಅಯ್ಯನವರೇ" ಎಂದ, ಅವರು ತಿರುಗಲಿಲ್ಲ. ಮೇಸ್ತ್ರಿಗೆ ಹೇಳಿದರು, "ನಿನ್ನ ಮಾತು ನಿನಗೆ ಬಂತು ಮಗನೇ. ತಡೆಯಬೇಕಾದವನು ನಾನು, ಅವತ್ತೇ ತಡೀಲಿಲ್ಲ. ಹೊರಡು. ಹಳೇ ಮಾತ್ರೆ ಬೇಡ, ಡಾಕ್ಟರ್ ಏನು ಕೊಡ್ತಾರೋ ಅದು." ಆಮೇಲೆ ಬಾಗಿಲಲ್ಲಿದ್ದವಳ ಕಡೆ ನೋಡಿ, "ತಾಯಿ, ನಿನ್ನ ಗಂಡ ಸುಳ್ಳುಗಾರ ಅಲ್ಲ ಈಗ. ನೀನಿನ್ನು ಕಾವಲು ಕಾಯಬೇಡ," ಎಂದರು.

ಅವಳು ಆಟೋದ ಕಡೆ ತಿರುಗಿದಳು. ತಂಗಿ ಒಂದು ಕಡೆ, ಗಂಡ ಒಂದು ಕಡೆ ಹಿಡಿದು ಆಟೋಗೆ ಹತ್ತಿಸಿದರು. ದಾರಿಯುದ್ದಕ್ಕೂ ಸಿಗ್ನಲ್ಲುಗಳು. ಪ್ರತಿ ಕೆಂಪು ದೀಪದಲ್ಲೂ ಮೇಸ್ತ್ರಿ ಅವಳ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಲಿಫ್ಟಿನ ಹಗ್ಗ ಅಲ್ಲ ರೀ ಅದು, ಕೈ. ನೋಯ್ತದೆ," ಎಂದಳು. ಅವನು ಸಡಿಲಿಸಿದ, ಬಿಡಲಿಲ್ಲ.

ಡಾಕ್ಟರಮ್ಮನ ಕೋಣೆಯ ಮುಂದೆ ಕಾವಲುಗಾರ ಷಟರ್ ಅರ್ಧ ಎಳೆದಿದ್ದ. ನಾಲ್ಕು ಐವತ್ತು. ನಾದಿನಿ ಬಗ್ಗಿ ಒಳಗೆ ನುಗ್ಗಿದಳು, ಹಿಂದಿನಿಂದ ಇವರು. ಡಾಕ್ಟರಮ್ಮ ಬ್ಯಾಗನ್ನು ಕೆಳಗಿಟ್ಟು ಕುರ್ಚಿ ಎಳೆದು ಹತ್ತಿರ ಕುಳಿತರು. ಬೈಯಲಿಲ್ಲ, ಗಡಿಯಾರ ನೋಡಲಿಲ್ಲ.

"ಹೇಗಿದ್ದೀರಿ?"

"ಅವಳು ಡಾಕ್ಟ್ರೇ, ಇಪ್ಪತ್ತು ದಿನದಿಂದ..." ಎಂದು ಮೇಸ್ತ್ರಿ ಶುರುಮಾಡಿದ.

ಹೆಂಡತಿಯ ಕೈ ಅವನ ತೊಡೆಯ ಮೇಲೆ ಬಂತು. ಮೆಲ್ಲಗೇ ಇತ್ತು, ಆದರೆ ತಡೆಯುವ ಕೈ.

"ನನ್ನನ್ನ ಕೇಳ್ತಿದ್ದಾರೆ," ಎಂದಳು.

ಅವಳು ಉಸಿರೆಳೆದುಕೊಂಡು ಡಾಕ್ಟರಮ್ಮನ ಮುಖ ನೋಡಿದಳು.

"ಚೆನ್ನಾಗಿಲ್ಲ," ಎಂದಳು. "ಸ್ವಲ್ಪಾನೂ ಚೆನ್ನಾಗಿಲ್ಲ. ಕೇಳಿ, ಎಲ್ಲ ಹೇಳ್ತೀನಿ."