ನಂಬರಿಲ್ಲದ ಕಾರ್ಡು

ಹೋದ ವಾರ ಮಧುಗಿರಿ ಲೈಬ್ರರಿಯ ಕೌಂಟರಿನಲ್ಲಿ, ಬೇಕಾದ ಪುಸ್ತಕದ ಹೆಸರು ಬರೆದುಕೊಡಿ ಎಂದು ಒಂದು ಚೀಟಿ ಕೊಟ್ಟರು. ಹಳದಿಗಟ್ಟಿದ ದಪ್ಪ ಕಾಗದ, ಕೆಳಗೆ ನಡುವೆ ಒಂದು ತೂತು. ತಿರುಗಿಸಿದರೆ ನೀಲಿ ಶಾಯಿಯ ದುಂಡು ಅಕ್ಷರ... ನಮ್ಮ ಲೈಬ್ರರಿ ಮೇಡಂ ಬರೆದ ಕಾರ್ಡು! ಮೈಯೆಲ್ಲ ಉರಿದುಹೋಯಿತು.

ಕಾಲೇಜಿನ ದಿನಗಳಲ್ಲಿ ನಾನು ನಮ್ಮೂರು ಹೊಳವನಹಳ್ಳಿಗೆ ಹೋಗುವ ಬಸ್ಸು ಬರುವವರೆಗೂ ಅಲ್ಲೇ ಕೂರುತ್ತಿದ್ದೆ. ಪುಸ್ತಕ ಹುಡುಕುವ ಕಾರ್ಡುಗಳ ಮರದ ಡ್ರಾಯರುಗಳ ಮುಂದೆ ಮೇಡಂ ಬರೆಯುತ್ತಲೇ ಇರುತ್ತಿದ್ದರು. ಪುಸ್ತಕದ ಒಳಗೆ ಶೀರ್ಷಿಕೆ ಪುಟದಲ್ಲಿ ಏನು ಅಚ್ಚಾಗಿದೆಯೋ ಅದೇ ಅದರ ಹೆಸರು, ಮುಖ್ಯ ಕಾರ್ಡು ಆ ಹೆಸರಿನಲ್ಲೇ ಇರಬೇಕು. ಅದು ನಿಯಮ. ಆದರೆ ನಮ್ಮ ಕಡೆಯ ಬಯಲಾಟದ ಪುಸ್ತಕಗಳ ಹೆಸರೋ, ಒಂದೇ ಉಸಿರಿಗೆ ಮುಗಿಯುವುದಿಲ್ಲ. ‘ಸತ್ಯಸೇನ ಮಹಾರಾಜನ ಪುಣ್ಯಚರಿತ್ರೆಯೆಂಬ ಭಕ್ತಿರಸಭರಿತ ನಾಟಕವು’ ಬೇಕು ಎಂದು ಯಾವ ಪುಣ್ಯಾತ್ಮ ಬಂದು ಕೇಳುತ್ತಾನೆ? ರಾಜ ಬಳೆಗಾರನ ವೇಷದಲ್ಲಿ ಬರುತ್ತಾನೆಂದು ನಮ್ಮೂರಲ್ಲಿ ಅದು ‘ಬಳೆಗಾರನಾಟ’. ಬಳೆಗೆ ತೆಲುಗಿನಲ್ಲಿ ಗಾಜುಲು ಎನ್ನುವ ಪಾವಗಡದವರಿಗೆ ‘ಗಾಜುಲಾಟ’. ಮೇಡಂ ಬಂದವರನ್ನೆಲ್ಲ “ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?” ಎಂದು ಕೇಳಿ, ಆ ಹೆಸರಿಗೂ ಒಂದು ಕಾರ್ಡು ಬರೆದು, ‘ನೋಡಿ’ ಎಂದು ಉದ್ದನೆಯ ಹೆಸರಿನತ್ತ ದಾರಿ ತೋರಿಸುತ್ತಿದ್ದರು.

ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು, “ಒಂದು ಪುಸ್ತಕಕ್ಕೆ ಮೂರು ಕಾರ್ಡ್ ಯಾಕ್ರೀ? ಇದೇನು ರೇಷನ್ ಕಾರ್ಡಾ?” ಎಂದು ಎಲ್ಲರೆದುರೇ ಗದರಿದರು. ಮೇಡಂ ದನಿ ಏರಿಸಲಿಲ್ಲ.

“ಕೇಳೋರು ಮೂರು ಥರ ಕೇಳ್ತಾರೆ ಸಾರ್. ಅವ್ರಿಗೆ ದಾರಿ ತೋರಿಸ್ಬೇಕು ಅಂತ ರೂಲ್ಸಲ್ಲೇ ಐತೆ.”

ದಪ್ಪ ನಿಯಮದ ಪುಸ್ತಕ ತೆರೆದು ಮುಂದಿಟ್ಟರು. ಸಾಹೇಬರು ಅದನ್ನು ಓದದೆ ಕಾಫಿ ಕುಡಿದು ಹೋದರು.

ಈಗ ನಮ್ಮೂರ ಆಟದವರು ಬಳೆಗಾರನಾಟವನ್ನು ಮತ್ತೆ ಆಡಬೇಕೆಂದಿದ್ದಾರೆ. ಭಾಗವತರ ಕೈಬರಹದ ಪ್ರತಿಯನ್ನು ಗೆದ್ದಲು ತಿಂದಿದೆ. ಉಳಿದದ್ದು ಲೈಬ್ರರಿಯ ಅಚ್ಚಿನ ಪ್ರತಿಯೊಂದೇ. ಅದಕ್ಕೇ ನಾನು ಹೋದದ್ದು. ‘ಬಳೆಗಾರನಾಟ’ ಎಂದು ಕಂಪ್ಯೂಟರಿನಲ್ಲಿ ಹುಡುಕಿದ ಗುಮಾಸ್ತರು, “ಆ ಹೆಸರಲ್ಲಿ ಯಾವ್ದೂ ಇಲ್ಲ ಸಾರ್” ಎಂದರು. ಉದ್ದನೆಯ ಹೆಸರು ನನಗೂ ಮರೆತಿತ್ತು. ಕೌಂಟರಿನ ಮೇಲಿದ್ದ ಚೀಟಿಯ ಕಟ್ಟನ್ನೇ ಎಳೆದುಕೊಂಡು ಹುಡುಕಿದೆ. ‘ಬಳೆಗಾರನಾಟ’ದ ಕಾರ್ಡು ಅದರಲ್ಲೇ ಇತ್ತು.

“ಇವನ್ನ ಚೀಟಿ ಮಾಡಿದೋರು ಯಾರು?”

“ಟೈಪ್ ಮಾಡೋಕೆ ಬಂದೋರು ನಂಬರ್ ಇರೋ ಕಾರ್ಡಷ್ಟೇ ಕಂಪ್ಯೂಟ್ರಿಗೆ ಹಾಕುದ್ರು ಸಾರ್. ಇವುಕ್ಕೆ ನಂಬರಿಲ್ವಲ್ಲ, ವೇಸ್ಟು.”

ಪುಸ್ತಕದ ನಂಬರು ಮುಖ್ಯ ಕಾರ್ಡಿಗೆ ಮಾತ್ರ ಕಣಯ್ಯಾ, ದಾರಿ ತೋರಿಸುವ ಕಾರ್ಡಿಗೆ ಅದು ಎಲ್ಲಿಂದ ಬರಬೇಕು! ಬಾಯಿತನಕ ಬಂದದ್ದನ್ನು ನುಂಗಿಕೊಂಡು ಕಾರ್ಡಿನಲ್ಲಿದ್ದ ಉದ್ದನೆಯ ಹೆಸರು ಹೇಳಿದೆ. ಪುಸ್ತಕ ಪರದೆಯ ಮೇಲೆ ಬಂತು. ಪಕ್ಕದಲ್ಲಿ ‘ರದ್ದು’ ಎಂದಿತ್ತು.

“ವರ್ಷಾನುಗಟ್ಲೆ ಯಾರೂ ಕೇಳಿಲ್ಲ ಅಂತ ಹೋದ ತಿಂಗಳು ತೂಕಕ್ಕೆ ಹಾಕ್ಬುಟ್ರು ಸಾರ್.”

ಯಾರೂ ಕೇಳಿಲ್ಲವಂತೆ! ನಮ್ಮ ಭಾಗವತರು ಈ ವರ್ಷವೇ ಎರಡು ಸಲ ಬಂದು ಕೇಳಿದ್ದಾರೆ. ಎರಡು ಸಲವೂ ‘ಇಲ್ಲ’ ಎಂದು ಕಳಿಸಿದ್ದಾರೆ. ಆಗ ಅದು ಇಲ್ಲೇ ಬೀರುವಿನಲ್ಲಿತ್ತು. ಜನ ಕರೆಯುವ ಹೆಸರನ್ನು ಕಿತ್ತು ಚೀಟಿ ಮಾಡಿ, ಆಮೇಲೆ ಜನ ಕೇಳಲಿಲ್ಲ ಎಂದು ಬರೆದುಕೊಳ್ಳುವುದು ಯಾವ ಸೀಮೆಯ ನ್ಯಾಯ? ಮೇಡಂ ತೀರಿಕೊಂಡು ಮೂರು ವರ್ಷವಾಯಿತು... ಇದನ್ನು ನೋಡಲಿಲ್ಲವಲ್ಲ ಎಂದು ಸಮಾಧಾನ ಪಡಬೇಕೋ ಏನೋ. ನನಗೆ ಸಮಾಧಾನವಿಲ್ಲ. ಕಟ್ಟನ್ನೆಲ್ಲ ಬ್ಯಾಗಿಗೆ ತುರುಕಿಕೊಂಡು ಹೊರಟೆ. ಗುಮಾಸ್ತರು ಏನೋ ಕೂಗಿದರು, ತಿರುಗಿ ನೋಡಲಿಲ್ಲ.

ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ ಭಾಗವತರು ಕಾದು ನಿಂತಿದ್ದರು.

“ಸಿಕ್ತೇನ್ಲಾ?”

ಕಾರ್ಡನ್ನು ಅವರ ಕೈಯಲ್ಲಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು, ಹಿಂದೆಮುಂದೆ ತಿರುಗಿಸಿದರು.

“‘ನೋಡಿ’ ಅಂತ ಬರ್ದೈತಲ್ಲ. ಎಲ್ಲಿ ನೋಡಾನ್ಲಾ?”